ಹಳದಿಯ ಕೆಳಗೆ ನಿಂತ ಕೈ: ಒಬ್ಬ ಬಿಲ್ಲುಗಾರ್ತಿಯ ಆತಂಕದ ಪ್ರಕರಣ

ಅವಳ ಬಿಲ್ಲಿನ ಸೈಟ್, ಅಂದರೆ ಗುರಿ ಹಿಡಿಯುವ ಸಾಧನ, ಪ್ರತಿಸಲ ಒಂದೇ ಜಾಗಕ್ಕೆ ಬಂದು ನಿಲ್ಲುತ್ತಿತ್ತು. ಗುರಿಯ ನಡುವಿನ ಹಳದಿ ವೃತ್ತಕ್ಕೆ ನೇರ ಕೆಳಗೆ, ಕೆಂಪು ಪಟ್ಟಿಯ ಮೇಲೆ. ಅಲ್ಲಿಂದ ಕೂದಲೆಳೆಯಷ್ಟು ಮೇಲೆತ್ತಿದರೆ ಸಾಕು, ಆದರೆ ಕೈ ಏಳುತ್ತಿರಲಿಲ್ಲ. ಯಾರೋ ಮೇಲಿನಿಂದ ಅಂಗೈ ಇಟ್ಟು ಒತ್ತಿದ ಹಾಗೆ ಆಗುತ್ತದೆ ಎಂದಳು. ಏಳೆಂಟು ವರ್ಷ ಹೆದೆ ಎಳೆದ ಕೈ ಅದು, ಶಕ್ತಿಗೆ ಕೊರತೆ ಇರಲಿಲ್ಲ. ಗುರಿಹಲಗೆಯ ಮೇಲಿನ ಬಣ್ಣದ ಹಾಳೆಯನ್ನು ಕಿತ್ತುಹಾಕಿ ಬರೀ ಹಲಗೆಗೆ ಬಾಣ ಬಿಡು ಎಂದರೆ ಅದೇ ಕೈ ನೀರು ಹರಿದ ಹಾಗೆ ಕೆಲಸ ಮಾಡುತ್ತಿತ್ತು.

ಆಟಗಾರರ ಮನಸ್ಸಿನ ಜೊತೆ ಕೆಲಸ ಮಾಡುವವನು ನಾನು. ಇದನ್ನು ಬರೆಯಲು ಅವಳ ಒಪ್ಪಿಗೆ ಇದೆ, ಬರೆದದ್ದನ್ನು ಓದಿಯೂ ಇದ್ದಾಳೆ. ಗುರುತು ಹತ್ತದಂತೆ ವಯಸ್ಸು, ಅಂಕ, ಸ್ಪರ್ಧೆಗಳ ಕ್ರಮವನ್ನು ತುಸು ಆಚೀಚೆ ಮಾಡಿದ್ದೇನೆ. ಕ್ರೀಡಾಪಟುಗಳ ಮನಸ್ಸಿನ ಆರೋಗ್ಯದ ಜೊತೆ ಕೆಲಸ ಮಾಡುವವರಿಗೆ, ಅದಕ್ಕಿಂತ ಹೆಚ್ಚಾಗಿ ಕೋಚ್‌ಗಳಿಗೆ, ನಾನು ಎಡವಿದ ಜಾಗಗಳು ಉಪಯೋಗಕ್ಕೆ ಬರಬಹುದು.

ಹಿನ್ನೆಲೆ

ವಯಸ್ಸು 19. ರಿಕರ್ವ್ ಬಿಲ್ಲು (ತುದಿಗಳು ಹೊರಕ್ಕೆ ಬಾಗಿದ ಬಿಲ್ಲು), 70 ಮೀಟರ್. ಬಿಲ್ಲುಗಾರಿಕೆ ನೋಡಿ ಗೊತ್ತಿಲ್ಲದವರಿಗೆ ಒಂದೆರಡು ವಿಷಯ ಹೇಳಲೇಬೇಕು, ಯಾಕೆಂದರೆ ಈ ಪ್ರಕರಣದ ಬೀಗ ಇರುವುದು ಆ ವಿವರಗಳಲ್ಲಿ. ಗುರಿಯ ಹಾಳೆಯ ಅಡ್ಡಳತೆ 122 ಸೆಂ.ಮೀ., ಅದರ ನಡುವಿನ ಹತ್ತರ ವೃತ್ತ 12.2 ಸೆಂ.ಮೀ. ಅರ್ಹತಾ ಸುತ್ತಿನಲ್ಲಿ 72 ಬಾಣ, ಹೆಚ್ಚೆಂದರೆ 720 ಅಂಕ. ಆರಾರು ಬಾಣಗಳ ಒಂದೊಂದು ಕಂತಿಗೆ, ಅಂದರೆ ಒಂದು ಎಂಡ್‌ಗೆ, ಇಂತಿಷ್ಟೇ ಎಂದು ಸಮಯ. ಆಮೇಲೆ ಇಬ್ಬಿಬ್ಬರ ನಡುವೆ ಸೆಟ್‌ಗಳ ಪಂದ್ಯ, ಮೊದಲು 6 ಸೆಟ್ ಅಂಕ ಮುಟ್ಟಿದವರು ಗೆದ್ದರು. 5-5 ಆದರೆ ಒಂದೇ ಒಂದು ಬಾಣದ ಶೂಟ್ ಆಫ್, ಅದಕ್ಕೆ 20 ಸೆಕೆಂಡ್.

ಇನ್ನೊಂದು, ಕ್ಲಿಕ್ಕರ್. ಬಿಲ್ಲಿನ ಹಿಡಿಯ ಹತ್ತಿರ ಬಾಣದ ಮೇಲೆ ಕೂರುವ ತೆಳು ಪಟ್ಟಿ. ಹೆದೆಯನ್ನು ಪೂರ್ತಿ ಎಳೆದಾಗ ಬಾಣದ ಮೊನೆ ಆ ಪಟ್ಟಿಯನ್ನು ದಾಟುತ್ತದೆ, ಪಟ್ಟಿ 'ಟಿಕ್' ಎಂದು ಬೀಳುತ್ತದೆ. ಬೆರಳು ಬಿಡಲು ಅದೇ ಸೂಚನೆ. ಚೆನ್ನಾಗಿ ಪಳಗಿದ ಬಿಲ್ಲುಗಾರರಲ್ಲಿ ಆ ಶಬ್ದಕ್ಕೂ ಬೆರಳು ಸಡಿಲವಾಗುವುದಕ್ಕೂ ನಡುವೆ ಯೋಚನೆಗೆ ಜಾಗವೇ ಇರುವುದಿಲ್ಲ.

ಎರಡು ವರ್ಷ ಅವಳ ಅರ್ಹತಾ ಅಂಕ 640ರಿಂದ 655ರ ನಡುವೆಯೇ ಇತ್ತು. ತಂಡದ ಬಾಗಿಲಲ್ಲಿ ನಿಂತವಳು. ಆಯ್ಕೆ ಸ್ಪರ್ಧೆಯೊಂದರಲ್ಲಿ 5-5 ಆಗಿ ಶೂಟ್ ಆಫ್‌ಗೆ ಹೋಯಿತು. ಎದುರಾಳಿ 9 ಹೊಡೆದಳು. ಇವಳು ಎಳೆದಳು, ಕಾದಳು, ಬಾಣ ಬಿಡದೆ ಹೆದೆಯನ್ನು ಹಿಂದಕ್ಕೆ ಇಳಿಸಿದಳು, ಮತ್ತೆ ಎಳೆದಳು. ಗಡಿಯಾರದಲ್ಲಿ 3 ಸೆಕೆಂಡ್ ಉಳಿದಿದ್ದಾಗ ಬಾಣ ಹೋಯಿತು. 7. ಆವತ್ತು ಸಂಜೆ ಕೋಚ್ ಹೇಳಿದ ಮಾತು ಅವಳಿಗೆ ಅಕ್ಷರ ಅಕ್ಷರ ನೆನಪಿತ್ತು: "ಖಾತ್ರಿ ಆಗೋ ತನಕ ಬಿಡಬೇಡ ಅಂತ ಎಷ್ಟು ಸಲ ಹೇಳ್ಬೇಕು?"

ಕೋಚ್ ಕೆಟ್ಟವರಲ್ಲ. ಅವಳು ಹನ್ನೆರಡರ ಹುಡುಗಿ ಇದ್ದಾಗಿನಿಂದ ಅವಳ ಬಿಲ್ಲನ್ನು ತಾವೇ ಹದ ಮಾಡಿಕೊಟ್ಟವರು. ಆ ಮಾತು ಯಾವ ಕೋಚ್ ಆದರೂ ಆಡಬಹುದಾದದ್ದೇ. ಆದರೆ ಅದು ಬಿದ್ದ ನೆಲ ಹಸಿಯಾಗಿತ್ತು.

ನನ್ನ ಬಳಿ ಬಂದಾಗ

ಮೂರು ತಿಂಗಳ ನಂತರ ಅವಳನ್ನು ಕಳಿಸಿಕೊಟ್ಟ ಕೋಚ್ ಚೀಟಿಯಲ್ಲಿ ಎರಡೇ ವಾಕ್ಯ ಬರೆದಿದ್ದರು. "ಸ್ಪರ್ಧೆಯ ಭಯ. ಸ್ವಲ್ಪ ಧೈರ್ಯ ತುಂಬಿ."

ಅಷ್ಟರಲ್ಲಿ ಅಂಕ 598ಕ್ಕೆ ಇಳಿದಿತ್ತು. ಮೊದಲು ಹೆದೆ ಪೂರ್ತಿ ಎಳೆದ ಮೇಲೆ ಮೂರು ನಾಲ್ಕು ಸೆಕೆಂಡಿನಲ್ಲಿ ಬಾಣ ಬಿಡುತ್ತಿದ್ದವಳು ಈಗ ಒಂಬತ್ತು ಹತ್ತು ಸೆಕೆಂಡ್ ತೆಗೆದುಕೊಳ್ಳುತ್ತಿದ್ದಳು. ಅಷ್ಟು ಹೊತ್ತು ಹಿಡಿದರೆ ಬೆನ್ನಿನ ಸ್ನಾಯು ಸೋತು ಕೈ ನಡುಗಲೇಬೇಕು. ನಡುಗಿದಾಗ ಇಳಿಸುವುದು, ಉಸಿರು ತೆಗೆದುಕೊಂಡು ಮತ್ತೆ ಎಳೆಯುವುದು. ಆ ಸ್ಪರ್ಧೆಯಲ್ಲಿ ಎರಡು ಎಂಡ್‌ಗಳಲ್ಲಿ ಸಮಯ ಮುಗಿದು ಆರನೇ ಬಾಣ ಬತ್ತಳಿಕೆಯಲ್ಲೇ ಉಳಿದಿತ್ತು. ಬಿಡದ ಬಾಣಕ್ಕೆ ಸೊನ್ನೆ.

ನಾನು ಮೊದಲು ಮಾಡಿದ್ದು ಪುಸ್ತಕದ ಕೆಲಸ. ಎರಡು ವಾರದಲ್ಲಿದ್ದ ಸಣ್ಣ ಸ್ಪರ್ಧೆಯೊಂದಕ್ಕೆ ಒಂದು ಗಂಟೆ ಮುಂಚೆ ಅವಳಿಂದ ಸಿಎಸ್‌ಎಐ-2 ತುಂಬಿಸಿದೆ. 1990ರಲ್ಲಿ ಮಾರ್ಟೆನ್ಸ್ ಮತ್ತು ಸಂಗಡಿಗರು ಪ್ರಕಟಿಸಿದ 27 ಪ್ರಶ್ನೆಗಳ ಪಟ್ಟಿ ಅದು. ತಲೆಯೊಳಗಿನ ಆತಂಕ, ಮೈಯ ಆತಂಕ, ಆತ್ಮವಿಶ್ವಾಸ ಈ ಮೂರನ್ನು ಬೇರೆ ಬೇರೆಯಾಗಿ ಅಳೆಯುತ್ತದೆ. ಪ್ರತಿಯೊಂದಕ್ಕೂ ಕನಿಷ್ಠ 9, ಗರಿಷ್ಠ 36. ಅವಳ ಮೈಯ ಆತಂಕ 31, ಆತ್ಮವಿಶ್ವಾಸ 14.

31 ನೋಡಿದ ಕೂಡಲೇ ನಾನು ನಿರ್ಧಾರಕ್ಕೆ ಬಂದುಬಿಟ್ಟೆ. ಮೈ ಬಿಗಿದಿದೆ, ಮೈಯನ್ನು ಸಡಿಲಿಸೋಣ. ಚೀಟಿಯಲ್ಲೂ ಅದೇ ಇತ್ತಲ್ಲ.

ಮೊದಲ ನಾಲ್ಕು ವಾರ

ನಿಮಿಷಕ್ಕೆ ಸುಮಾರು ಆರು ಉಸಿರಿನ ಲಯ, ದಿನಕ್ಕೆ ಎರಡು ಹೊತ್ತು. ರಾತ್ರಿ ಮಲಗುವ ಮುಂಚೆ ಒಂದೊಂದೇ ಸ್ನಾಯುವನ್ನು ಬಿಗಿದು ಸಡಿಲಿಸುವ ಅಭ್ಯಾಸ. ಇವು ಒಳ್ಳೆಯ ಉಪಾಯಗಳೇ, ನಾನು ಇವತ್ತಿಗೂ ಕಲಿಸುತ್ತೇನೆ. ಅವಳು ಶ್ರದ್ಧೆಯಿಂದ ಮಾಡಿದಳು, ನಾಡಿಬಡಿತ ಇಳಿಯಿತು, ಭುಜ ಕೆಳಗೆ ಬಂತು.

ಬಾಣ ಮಾತ್ರ ಕೆಂಪಿನಲ್ಲೇ ಇತ್ತು.

ನಾಲ್ಕನೇ ವಾರ ಬಂದು ಕುಳಿತು ನಗುತ್ತಾ ಹೇಳಿದಳು: "ಸರ್, ಈಗ ಸಮಾಧಾನವಾಗಿ ಹೆದರ್ಕೊಳ್ತೀನಿ."

ಅವಳು ಹೋದ ಮೇಲೂ ಆ ಮಾತು ನನ್ನನ್ನು ಬಿಡಲಿಲ್ಲ. ಮೊದಲ ದಿನವೇ ಕೇಳಬೇಕಿದ್ದ ಪ್ರಶ್ನೆಯನ್ನು ನಾನು ಕೇಳಿರಲೇ ಇಲ್ಲ: ಇದು ಆಗುವುದು ಸ್ಪರ್ಧೆಯಲ್ಲಿ ಮಾತ್ರವೇ? ಮರುದಿನ ಅಭ್ಯಾಸದ ಜಾಗಕ್ಕೇ ಹೋದೆ. ಅಲ್ಲಿ ಎದುರಾಳಿ ಇಲ್ಲ, ಪ್ರೇಕ್ಷಕರಿಲ್ಲ, ಸೋಲುವಂಥದ್ದು ಏನೂ ಇಲ್ಲ. ಆದರೂ 72 ಬಾಣಗಳಲ್ಲಿ ಅವಳು ಹೆದೆ ಎಳೆದು ಬಿಡದೆ ಇಳಿಸಿದ್ದು 41 ಸಲ. ಹಾಳೆ ತೆಗೆದ ಬರೀ ಹಲಗೆಯ ಮುಂದೆ ನಿಂತಾಗ ಒಂದು ಸಲವೂ ಇಲ್ಲ.

ಅಂದರೆ ಇದು ಸ್ಪರ್ಧೆಯ ಭಯವಲ್ಲ, ಹಳದಿಯ ಭಯ. ಬಿಲ್ಲುಗಾರರ ನಡುವೆ ಇದಕ್ಕೆ ಹೆಸರೇ ಇದೆ, ಟಾರ್ಗೆಟ್ ಪ್ಯಾನಿಕ್. ಕೆಲವರಿಗೆ ಸೈಟ್ ಹಳದಿಗೆ ಬರುವ ಮುಂಚೆಯೇ ಬೆರಳು ಬಿಟ್ಟುಹೋಗುತ್ತದೆ, ಕೆಲವರಿಗೆ ಕ್ಲಿಕ್ಕರ್ ದಾಟಿಸಲು ಆಗುವುದಿಲ್ಲ, ಕೆಲವರ ಕೈ ಇವಳ ಹಾಗೆ ಕೆಳಗೆ ಹೆಪ್ಪುಗಟ್ಟುತ್ತದೆ. ಗಾಲ್ಫ್ ಆಡುವವರ 'ಯಿಪ್ಸ್' ಇದರ ದಾಯಾದಿ. ಅಂಥ ಕೆಲವರಲ್ಲಿ ನರದ ತೊಂದರೆಯೂ ಬೆರೆತಿರುತ್ತದೆ ಎಂಬ ಕಾರಣಕ್ಕೆ ನರರೋಗ ತಜ್ಞರಿಂದ ಒಮ್ಮೆ ತಪಾಸಣೆ ಮಾಡಿಸಿದೆವು. ಬರೆಯುವುದು, ಎತ್ತುವುದು, ಬರೀ ಹಲಗೆಗೆ ಬಾಣ ಬಿಡುವುದು ಎಲ್ಲವೂ ಸರಿಯಾಗಿತ್ತು, ನರದಲ್ಲಿ ದೋಷ ಕಾಣಲಿಲ್ಲ.

ಕಾರಣ ನಿಧಾನವಾಗಿ ಬಿಡಿಸಿಕೊಂಡಿತು. ಸೈಟ್ ಹಳದಿಯ ಹತ್ತಿರ ಬಂದಾಗ ಎದೆಯಲ್ಲಿ ಧಸಕ್ಕೆನ್ನುತ್ತದೆ. ಹೆದೆ ಇಳಿಸಿದ ಕೂಡಲೇ ನಿರಾಳ. ಆ ನಿರಾಳವೇ ಬಹುಮಾನ. ದಿನಕ್ಕೆ ನಲವತ್ತು ಸಲ ಆ ಬಹುಮಾನ ಸಿಕ್ಕರೆ ಮೈ ಕಲಿಯುವುದು ಒಂದೇ ಪಾಠ: ಹಳದಿ ಅಪಾಯ, ಓಡಿದರೆ ಬದುಕಿದೆ. ಅವಳು ದಿನವೂ ಬೆವರು ಸುರಿಸಿ ಅಭ್ಯಾಸ ಮಾಡುತ್ತಿದ್ದಳು, ಆದರೆ ಅಭ್ಯಾಸವಾಗುತ್ತಿದ್ದದ್ದು ಓಡುವುದು. ಮೇಲಿನಿಂದ 'ಖಾತ್ರಿ ಆಗೋ ತನಕ' ಎಂಬ ಮಾತು. 70 ಮೀಟರ್ ದೂರದಲ್ಲಿ ಕೈಯಲ್ಲಿ ಹಿಡಿದ ಸೈಟ್ ಯಾವ ಬಿಲ್ಲುಗಾರನಿಗೂ ಅಲ್ಲಾಡದೆ ನಿಲ್ಲುವುದಿಲ್ಲ. ಖಾತ್ರಿ ಎಂಬುದು ಬರುವುದೇ ಇಲ್ಲ. ಬಾರದ್ದಕ್ಕೆ ಕಾಯುತ್ತಾ ನಿಂತವಳಿಗೆ ಇಳಿಸುವುದೊಂದೇ ದಾರಿ.

ಇಂಥ ಕಡೆ 'ಗಮನ ಕೊಟ್ಟು ಮಾಡು' ಎನ್ನುವುದೂ ಹಾನಿಯೇ. ಗಾಲ್ಫ್ ಹೊಡೆತ ಕಲಿತವರ ಮೇಲೆ ಮಾಸ್ಟರ್ಸ್ ಎಂಬ ಸಂಶೋಧಕರು 1992ರಲ್ಲಿ ಪ್ರಕಟಿಸಿದ ಪ್ರಯೋಗ ಈ ವಿಷಯದಲ್ಲಿ ಹೆಸರುವಾಸಿ. ನಿಯಮಗಳನ್ನು ತಲೆಯಲ್ಲಿ ಇಟ್ಟುಕೊಂಡು ಕಲಿತವರು ಒತ್ತಡ ಬಿದ್ದಾಗ ಮುಗ್ಗರಿಸಿದರು, ಹೆಚ್ಚು ನಿಯಮ ತಿಳಿಯದೆ ಕೈಯಿಂದ ಕಲಿತವರು ಅಷ್ಟಾಗಿ ಮುಗ್ಗರಿಸಲಿಲ್ಲ. ತಾನಾಗಿ ನಡೆಯುವ ಕೆಲಸವನ್ನು ಬಿಡಿಸಿ ನೋಡಲು ಹೋದರೆ ಅದು ಬಿಡಿ ಬಿಡಿಯಾಗಿಯೇ ಕೈಗೆ ಬರುತ್ತದೆ. ಮೆಟ್ಟಿಲು ಇಳಿಯುವಾಗ ಯಾವ ಕಾಲು ಮೊದಲು ಎಂದು ಯೋಚಿಸಿ ನೋಡಿ.

ಐದನೇ ವಾರ

ಹೊಸ ಯೋಜನೆಯೊಂದನ್ನು ಹಾಕಿಕೊಂಡು ಉತ್ಸಾಹದಲ್ಲಿದ್ದೆ. ಅವಳು ಚೀಲದಿಂದ ಮಾತ್ರೆಯ ಪಟ್ಟಿಯೊಂದನ್ನು ತೆಗೆದು ಮೇಜಿನ ಮೇಲಿಟ್ಟಳು. "ಕೈ ನಡುಕಕ್ಕೆ ಕೊಟ್ಟಿದ್ದಾರೆ ಸರ್. ಇನ್ನೂ ತಗೊಂಡಿಲ್ಲ. ನಿಮ್ಮನ್ನ ಕೇಳಿ ತಗೊಳ್ಳೋಣ ಅಂತ."

ಪ್ರೊಪ್ರನಲಾಲ್. ಬೀಟಾ ಬ್ಲಾಕರ್. ವೇದಿಕೆ ಹತ್ತುವವರ ನಡುಕಕ್ಕೆ ವೈದ್ಯರು ಬರೆದುಕೊಡುವುದುಂಟು, ಅದರಲ್ಲಿ ತಪ್ಪೇನಿಲ್ಲ. ಆದರೆ ಎದೆಬಡಿತ ನಿಧಾನ ಮಾಡಿ ಕೈ ನಿಲ್ಲಿಸುತ್ತದೆ ಎಂಬ ಕಾರಣಕ್ಕೇ ಇದು ಡೋಪಿಂಗ್ ತಡೆಯುವ ವಿಶ್ವಸಂಸ್ಥೆಯಾದ ವಾಡಾದ ನಿಷೇಧಿತ ಪಟ್ಟಿಯಲ್ಲಿದೆ. ಹೆಚ್ಚಿನ ಆಟಗಳಿಗೆ ನಿಷೇಧವಿಲ್ಲ. ಕೆಲವಕ್ಕೆ ಸ್ಪರ್ಧೆಯ ಹೊತ್ತಿನಲ್ಲಿ ಮಾತ್ರ ಇದೆ. ಬಿಲ್ಲುಗಾರಿಕೆ ಮತ್ತು ಶೂಟಿಂಗ್‌ನಲ್ಲಿ ಸ್ಪರ್ಧೆ ಇಲ್ಲದ ದಿನಗಳಲ್ಲೂ ನಿಷಿದ್ಧ. ವೈದ್ಯರು ಅವಳ ಆಟ ಯಾವುದೆಂದು ಕೇಳಿರಲಿಲ್ಲ, ಅವಳೂ ಹೇಳಿರಲಿಲ್ಲ. ಒಂದು ಮಾತ್ರೆ, ಒಂದು ಪರೀಕ್ಷೆ, ಅಲ್ಲಿಗೆ ಕಥೆ ಮುಗಿಯುತ್ತಿತ್ತು.

ಪಟ್ಟಿಯನ್ನು ಪಕ್ಕಕ್ಕೆ ಸರಿಸಿ, ನಡುಕ ಯಾವಾಗಿನಿಂದ ಇಷ್ಟಾಯಿತು ಎಂದು ಕೇಳಿದೆ. ಮಾತು ನಿದ್ದೆಗೆ ಹೋಯಿತು. ರಾತ್ರಿ ಎರಡು ಮೂರು ಗಂಟೆಯವರೆಗೆ ಫೋನಿನಲ್ಲಿ ಇತರರ ಅಂಕಪಟ್ಟಿ ನೋಡುತ್ತಾ ಎಚ್ಚರ. ಊಟ ಅರ್ಧಕ್ಕೆ ಬಿಟ್ಟೇಳುವುದು. ಗೆಳತಿಯರ ಕರೆಗೆ ಉತ್ತರವಿಲ್ಲ. ಆಗ ನೇರವಾಗಿಯೇ ಕೇಳಿದೆ, ಜೀವ ಬೇಡ ಅನ್ನಿಸುತ್ತದೆಯೇ ಎಂದು.

"ಸಾಯೋದಲ್ಲ ಸರ್. ಎಲ್ಲಾದ್ರೂ ಬಿದ್ದು ಕೈ ಮುರಿದ್ರೆ ಚೆನ್ನಾಗಿರತ್ತೆ ಅನ್ಸತ್ತೆ. ಆಗ ಯಾರೂ ಏನೂ ಅನ್ನೋ ಹಾಗಿಲ್ಲ."

ಗಾಯವಾಗಲಿ ಎಂದು ಒಳಗೊಳಗೇ ಹಾರೈಸುವ ಆಟಗಾರರನ್ನು ನಾನು ಮೊದಲೂ ಕಂಡಿದ್ದೇನೆ. ಇದನ್ನು ನಾಟಕವೆಂದು ತಳ್ಳಿಹಾಕುವವರೂ ಇದ್ದಾರೆ. ಆಟ ಬಿಡಲು ಗೌರವದ ದಾರಿ ಬೇರೊಂದು ಕಾಣದಾಗ ಮನಸ್ಸು ಮೂಳೆಯನ್ನು ಒತ್ತೆ ಇಡುತ್ತದೆ. ಅವತ್ತೇ ಆತಂಕ ಅಳೆಯುವ ಜಿಎಡಿ-7 ಪಟ್ಟಿ ತುಂಬಿಸಿದೆ. ಏಳು ಪ್ರಶ್ನೆ, ಗರಿಷ್ಠ 21 ಅಂಕ, 10 ಮುಟ್ಟಿದರೆ ಮುಂದಿನ ಪರೀಕ್ಷೆ ಬೇಕು. ಅವಳದು 14.

ಇಲ್ಲೇ ಈ ಪ್ರಕರಣದ ಮೊದಲ ದೊಡ್ಡ ನಿರ್ಧಾರ. ನನ್ನ ಕೆಲಸ ಕ್ರೀಡೆಯ ಮನಸ್ಸಿನದು, ಇದು ಅದರ ಗಡಿ ದಾಟಿತ್ತು. ಮನೋವೈದ್ಯರ ಬಳಿ ಕಳಿಸಬೇಕು ಎಂದಾಗ ಅವಳು ಸಿಡಿದಳು, "ನಾನು ಹುಚ್ಚಿ ಅಲ್ಲ." ಎರಡನೇ ಭಯ ಅದಕ್ಕಿಂತ ದೊಡ್ಡದು: ಅಲ್ಲಿ ಯಾವ ಔಷಧಿ ಕೊಟ್ಟರೂ ಡೋಪಿಂಗ್ ಆಗುತ್ತದೆ. ಅದು ತಪ್ಪು ತಿಳಿವಳಿಕೆ. ಖಿನ್ನತೆ, ಆತಂಕಕ್ಕೆ ಸಾಮಾನ್ಯವಾಗಿ ಬರೆಯುವ ಎಸ್‌ಎಸ್‌ಆರ್‌ಐ ಗುಂಪಿನ ಮಾತ್ರೆಗಳು ನಿಷೇಧಿತ ಪಟ್ಟಿಯಲ್ಲಿಲ್ಲ. ಆದರೂ ಪ್ರತಿಯೊಂದನ್ನೂ ನೋಡಿಯೇ ತೆಗೆದುಕೊಳ್ಳಬೇಕು, ಬರೆಯುವವರಿಗೆ 'ನಾನು ಬಿಲ್ಲುಗಾರ್ತಿ' ಎಂದು ಮೊದಲ ವಾಕ್ಯದಲ್ಲೇ ಹೇಳಬೇಕು. ಒಪ್ಪಲು ಒಂದು ವಾರ ಹಿಡಿಯಿತು. ವೈದ್ಯರು ಮಾತ್ರೆ ಬರೆಯಲಿಲ್ಲ. ನಿದ್ದೆಯನ್ನು ಮೊದಲು ಸರಿಪಡಿಸೋಣ, ವಾರ ವಾರ ನೋಡುತ್ತೇನೆ, ಇಳಿಯದಿದ್ದರೆ ಆಮೇಲೆ ಔಷಧಿಯ ಮಾತು ಎಂದರು.

ನನ್ನನ್ನು ನಾನು ಕೇಳಿಕೊಂಡದ್ದು ಇದು: ಮೊದಲ ದಿನವೇ ಈ ಪ್ರಶ್ನೆಗಳನ್ನು ಯಾಕೆ ಕೇಳಲಿಲ್ಲ? ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2019ರಲ್ಲಿ ಹೊರಡಿಸಿದ ಒಮ್ಮತದ ಹೇಳಿಕೆ ಆಟದ ಸಾಧನೆ ಮತ್ತು ಮನಸ್ಸಿನ ಆರೋಗ್ಯವನ್ನು ಬೇರೆ ಮಾಡಿ ನೋಡಬೇಡಿ ಎನ್ನುತ್ತದೆ. ಆಮೇಲೆ ಬಂದ ಅವರ ತಪಾಸಣಾ ಸಾಧನ ಶುರುವಾಗುವುದೇ ಹತ್ತು ಪ್ರಶ್ನೆಗಳ ಚಿಕ್ಕ ಪಟ್ಟಿಯಿಂದ. ಹತ್ತು ಪ್ರಶ್ನೆಗೆ ಐದು ನಿಮಿಷ ಸಾಕು. 'ಧೈರ್ಯ ತುಂಬಿ' ಎಂಬ ಚೀಟಿ ಓದಿಕೊಂಡು ನಾನು ಐದು ವಾರ ಕಳೆದಿದ್ದೆ.

ಏಣಿ

ನಂತರದ ಕೆಲಸದ ಮೊದಲ ಹೆಜ್ಜೆ ವಿಚಿತ್ರವಾಗಿ ಕಂಡಿತು. ಹತ್ತು ದಿನ ಅವಳು ಹಳದಿಯನ್ನು ನೋಡಲೇ ಇಲ್ಲ. 5 ಮೀಟರ್ ದೂರದಲ್ಲಿ ಬರೀ ಹಲಗೆ, ಕಣ್ಣು ಮುಚ್ಚಿ ಬಾಣ. ಟಿಕ್ ಎಂದರೆ ಬೆರಳು ಸಡಿಲ, ಅಷ್ಟೇ. ಬಿಡುವುದನ್ನು ಗುರಿಯಿಂದ ಬೇರ್ಪಡಿಸುವುದು ಉದ್ದೇಶ.

ಎರಡನೆಯದು ತಿರುಗುಮುರುಗು. ಹಾಳೆ ಹಾಕಿ, ಸೈಟನ್ನು ಹಳದಿಯಲ್ಲಿ ಐದು ಸೆಕೆಂಡ್ ನಿಲ್ಲಿಸಿ, ಬಾಣ ಬಿಡದೆ ಇಳಿಸುವುದು. ಇಲ್ಲಿ ಒಂದು ನಿಯಮ: ಬಿಲ್ಲು ಎತ್ತುವ ಮುಂಚೆಯೇ ಬಾಯಿಬಿಟ್ಟು ಹೇಳಬೇಕು, ಇದು 'ನೋಡೋ ಬಾಣ'ವೋ 'ಬಿಡೋ ಬಾಣ'ವೋ ಎಂದು. ಹೊರಗಿನಿಂದ ನೋಡಿದರೆ ಎರಡೂ ಇಳಿಸುವಿಕೆ ಒಂದೇ ಥರ. ಆದರೆ ಮೊದಲೇ ನಿರ್ಧರಿಸಿ ಇಳಿಸಿದರೆ ಹಳದಿಯಲ್ಲಿ ನಿಂತು ಏನೂ ಆಗಲಿಲ್ಲ ಎಂದು ಮೈ ಕಲಿಯುತ್ತದೆ. ಹೆದರಿ ಇಳಿಸಿದರೆ ಓಡಿ ಬದುಕಿದೆ ಎಂದು ಕಲಿಯುತ್ತದೆ. ಅವಳ ಪುಸ್ತಕದಲ್ಲಿ ಅಂಕದ ಕಾಲಮ್ ತೆಗೆದು, 'ಹೇಳದೆ ಇಳಿಸಿದ್ದು' ಎಂಬ ಒಂದೇ ಕಾಲಮ್ ಇಟ್ಟೆವು.

ಮೂರನೆಯದು ದೂರ. 10 ಮೀಟರ್‌ನಲ್ಲಿ 122 ಸೆಂ.ಮೀ. ಹಾಳೆ, ಅಂದರೆ ಕಣ್ಣ ಮುಂದೆ ಗೋಡೆ ಕಟ್ಟಿದ ಹಾಗೆ. ತಪ್ಪುವುದೇ ಕಷ್ಟ. ಆಮೇಲೆ 20, 30, 50, 70. ಮೂರು ದಿನ ಸತತವಾಗಿ 'ಹೇಳದೆ ಇಳಿಸಿದ್ದು' ಮೂರಕ್ಕಿಂತ ಕಡಿಮೆ ಇದ್ದರೆ ಮೇಲಿನ ಮೆಟ್ಟಿಲು, ಇಲ್ಲವಾದರೆ ಚರ್ಚೆ ಇಲ್ಲದೆ ಕೆಳಕ್ಕೆ.

20 ಮೀಟರ್‌ವರೆಗೆ ಸಲೀಸು. 30ರಲ್ಲಿ ಒಂಬತ್ತು ದಿನ ಗಂಟು ಬಿತ್ತು. ಏರು, ಇಳಿ, ಏರು, ಇಳಿ. ದೂರ ಹೆಚ್ಚಾದದ್ದಕ್ಕೇ ಹೀಗೆ ಎಂದು ನಾನು, ಹಾಳೆ ಚಿಕ್ಕದಾಗಿ ಕಂಡದ್ದಕ್ಕೆ ಎಂದು ಕೋಚ್. ಬಿಡಿಸಿದ್ದು ಅವಳೇ. ವಿಡಿಯೋಗಳನ್ನು ಒಂದಾದ ಮೇಲೊಂದು ನೋಡುತ್ತಿದ್ದಾಗ ಥಟ್ಟನೆ ನಿಲ್ಲಿಸಿ, "ಸರ್, 30ರಿಂದ ಅವರು ದುರ್ಬೀನು ಇಟ್ಕೋತಾರೆ" ಎಂದಳು.

20 ಮೀಟರ್‌ವರೆಗೆ ಬಾಣ ಎಲ್ಲಿ ಬಿತ್ತೆಂದು ಬರಿಗಣ್ಣಿಗೆ ಕಾಣುತ್ತದೆ. ಅದರಾಚೆಗೆ ಕೋಚ್ ಅವಳ ಬೆನ್ನ ಹಿಂದೆ ಮುಕ್ಕಾಲಿಯ ಮೇಲೆ ದುರ್ಬೀನು ನಿಲ್ಲಿಸಿ ನೋಡುತ್ತಿದ್ದರು. ಪ್ರತಿ ಬಾಣಕ್ಕೂ ಅವರ ಬಾಯಿಂದ ಒಂದು 'ಚ್' ಅಥವಾ 'ಹ್ಞಾ'. ಅವರಿಗೇ ಗೊತ್ತಿಲ್ಲದ ಶಬ್ದ. ನಾವು ಏರುತ್ತಿದ್ದದ್ದು ದೂರದ ಏಣಿ, ಅವಳ ಮೈ ಎಣಿಸುತ್ತಿದ್ದದ್ದು ಬೆನ್ನ ಹಿಂದಿನ ಕಣ್ಣು.

ಕೋಚ್ ಜೊತೆ

ಇದನ್ನು ಅವರಿಗೆ ಹೇಳುವುದು ಹೇಗೆ ಎನ್ನುವುದು ನನಗೆ ಅತಿ ಕಷ್ಟದ ಭಾಗವಾಗಿತ್ತು. ಮೊದಲಿನಿಂದಲೂ ಅವರು ದಿನ ಬಿಟ್ಟು ದಿನ ಕೇಳುತ್ತಿದ್ದರು, "ಏನಂದ್ಲು?" ಅವಳು ಹೇಳಿದ್ದರಲ್ಲಿ ಏನನ್ನು ಹೊರಗೆ ಹೇಳಬಹುದು ಎಂಬ ಪಟ್ಟಿಯನ್ನು ಅವಳೂ ನಾನೂ ಕೂತು ಬರೆದುಕೊಂಡಿದ್ದೆವು. ಏಣಿಯ ಮೆಟ್ಟಿಲು, ನಿದ್ದೆಯ ಗಂಟೆ, ಸ್ಪರ್ಧೆಗೆ ಸಿದ್ಧಳೋ ಇಲ್ಲವೋ, ಇಷ್ಟು ಸರಿ. ಉಳಿದದ್ದು ಇಲ್ಲ. ದುರ್ಬೀನಿನ ವಿಷಯ ಆ ಪಟ್ಟಿಯಲ್ಲಿರಲಿಲ್ಲ. ಕೇಳಿದಾಗ ಅವಳು, "ನಾನೇ ಹೇಳ್ತೀನಿ, ನೀವು ಪಕ್ಕದಲ್ಲಿರಿ ಸಾಕು" ಎಂದಳು.

ಕೋಚ್ ಮುಖ ಕಪ್ಪಿಟ್ಟಿತು. "ಏಳು ವರ್ಷ ದುಡಿದೋನನ್ನ ಕೊನೆಗೆ ಭೂತ ಮಾಡಿಬಿಟ್ರಿ" ಎಂದು ನನ್ನ ಕಡೆ ನೋಡಿ ಎದ್ದುಹೋದರು. ಎರಡು ದಿನ ಮಾತಿಲ್ಲ. ಮೂರನೇ ದಿನ ದುರ್ಬೀನು ಮನೆಯಲ್ಲಿಟ್ಟು ಬಂದು ಅವಳ ಎದುರು ಬದಿಗೆ, ಅವಳ ಕಣ್ಣಿಗೆ ಕಾಣುವಲ್ಲಿ, ಕೈ ಖಾಲಿ ಬಿಟ್ಟುಕೊಂಡು ನಿಂತರು. ಆಮೇಲೆ ಅವರನ್ನೇ ಏಣಿಯ ಮೆಟ್ಟಿಲು ಮಾಡಿದೆವು: 20 ಮೀಟರ್‌ನಲ್ಲಿ ಪಕ್ಕದಲ್ಲಿ, ಮತ್ತೆ ಹಿಂದೆ, ಮತ್ತೆ ದುರ್ಬೀನಿನೊಂದಿಗೆ ಹಿಂದೆ. ಒಂಬತ್ತು ದಿನ ಆಗದ್ದು ಐದು ದಿನದಲ್ಲಿ ಆಯಿತು.

ಮಾತೂ ಬದಲಾಯಿತು. 'ಕೆಂಪಿಗೆ ಬೀಳಿಸಬೇಡ' ಎಂದರೆ ಮನಸ್ಸು ಮೊದಲು ಕೆಂಪನ್ನೇ ಹುಡುಕುತ್ತದೆ. ಬಿಳಿ ಕರಡಿಯನ್ನು ನೆನೆಯಬೇಡಿ ಎಂದು ಹೇಳಿ ವೆಗ್ನರ್ ಮತ್ತು ಸಂಗಡಿಗರು 1987ರಲ್ಲಿ ಇದನ್ನು ಪ್ರಯೋಗದಲ್ಲಿ ತೋರಿಸಿದರು. ಮದ್ದು ಕುಡಿಯುವಾಗ ಮಂಗನನ್ನು ನೆನೆಯಬಾರದು ಎಂದು ನಮ್ಮವರು ಮೊದಲೇ ಹೇಳಿಟ್ಟಿದ್ದರು. 'ಖಾತ್ರಿ ಆಗೋ ತನಕ' ಎಂಬುದರ ಜಾಗಕ್ಕೆ ಒಂದೇ ಪದ ಬೇಕಿತ್ತು. ನಾನು ನಾಲ್ಕಾರು ಸೂಚಿಸಿದೆ, ಯಾವುದೂ ಅವಳಿಗೆ ಹಿಡಿಸಲಿಲ್ಲ. ಒಂದು ದಿನ ಬಾಣ ತಪ್ಪಿದಾಗ ಕೋಚ್ ಅಭ್ಯಾಸಬಲದಿಂದ "ಹೋಗ್ಲಿ" ಎಂದರು. ಅವಳು ಅದನ್ನೇ ಹಿಡಿದುಕೊಂಡಳು. ಹೆದೆ ಎಳೆಯುವಾಗ ಒಳಗೆ 'ಹೋಗ್ಲಿ', ಅಂದರೆ ಬಾಣ ಹೋಗಲಿ. ತಪ್ಪಿದ ಮೇಲೂ 'ಹೋಗ್ಲಿ'. ಯಾವ ಕೈಪಿಡಿಯಲ್ಲೂ ಇಷ್ಟು ಒಳ್ಳೆಯ ಪದ ನನಗೆ ಸಿಕ್ಕಿಲ್ಲ.

ಇನ್ನೊಂದು ಜಗಳ ಸ್ಪರ್ಧೆಯದು. 50 ಮೀಟರ್ ಮೆಟ್ಟಿಲಲ್ಲಿದ್ದಾಗ ಮುಖ್ಯ ಸ್ಪರ್ಧೆಯೊಂದು ಬಂತು. ಹೋಗದಿದ್ದರೆ ಹೆಸರು ಪಟ್ಟಿಯಿಂದ ಕೆಳಗೆ ಜಾರುತ್ತದೆ. ಆತಂಕಕ್ಕೆ ತಪ್ಪಿಸಿಕೊಳ್ಳುವುದೇ ಮೇವು ಎಂದು ನಾನೇ ಹೇಳುತ್ತಿದ್ದೆ, ಈಗ ಸ್ಪರ್ಧೆ ತಪ್ಪಿಸು ಎನ್ನುವುದು ಹೇಗೆ? ಅವಳು ಅಮೆರಿಕದ ಜಿಮ್ನಾಸ್ಟ್ ಸಿಮೋನ್ ಬೈಲ್ಸ್ ಮಾತೆತ್ತಿದಳು. 2021ರಲ್ಲಿ ಟೋಕಿಯೋದ ತಂಡ ಫೈನಲ್‌ನಲ್ಲಿ ವಾಲ್ಟ್ ಆದ ಮೇಲೆ ಹಿಂದೆ ಸರಿದದ್ದು, ದಿನಗಳ ನಂತರ ಬೀಮ್‌ನಲ್ಲಿ ಕಂಚು ಗೆದ್ದದ್ದು, 2024ರಲ್ಲಿ ಪ್ಯಾರಿಸ್‌ನಲ್ಲಿ ಮೂರು ಚಿನ್ನ. ಗಾಳಿಯಲ್ಲಿ ದಿಕ್ಕು ತಪ್ಪಿದ ಜಿಮ್ನಾಸ್ಟ್ ತಲೆಕೆಳಗಾಗಿ ಬೀಳಬಹುದು, ಬಿಲ್ಲುಗಾರ್ತಿ ಬೀಳುವುದಿಲ್ಲ, ಅದು ಬೇರೆ ಇದು ಬೇರೆ ಎಂದೆ. ಕೊನೆಗೆ ನಿರ್ಧಾರ ಆದದ್ದು ಒಂದು ಪ್ರಶ್ನೆಯ ಮೇಲೆ: ಈಗ ಹೋದರೆ 70 ಮೀಟರ್‌ನಲ್ಲಿ ಅವಳ ಮೈ ಏನನ್ನು ಅಭ್ಯಾಸ ಮಾಡುತ್ತದೆ? ಓಡುವುದನ್ನೇ. ಹೋಗುವುದಿಲ್ಲ ಎಂದಾಯಿತು, ಮರಳುವ ಸ್ಪರ್ಧೆಯ ದಿನಾಂಕವನ್ನು ಅವತ್ತೇ ಬರೆದಿಟ್ಟು. ಆ ದಿನಾಂಕ ಬರೆಯದಿದ್ದರೆ ಅದು ತಪ್ಪಿಸಿಕೊಳ್ಳುವುದೇ ಆಗುತ್ತಿತ್ತು.

ಆದದ್ದು

ಮರಳಿದ ಮೊದಲ ಸ್ಪರ್ಧೆಯಲ್ಲಿ 621. ಮೊದಲ ಸುತ್ತಿನಲ್ಲೇ 2-6ರಲ್ಲಿ ಸೋಲು. ಮನೆಯವರಿಗೆ ಕಂಡದ್ದು ಅಷ್ಟೇ. ಅವಳ ಪುಸ್ತಕದಲ್ಲಿ ಇದ್ದದ್ದು: 72 ಬಾಣ, ಹೇಳದೆ ಇಳಿಸಿದ್ದು 6, ಸಮಯ ಮೀರಿದ್ದು ಸೊನ್ನೆ.

ಎರಡನೆಯದರಲ್ಲಿ 634. ಮೂರನೇ ಸುತ್ತಿನಲ್ಲಿ 5-5. ಮತ್ತೆ ಶೂಟ್ ಆಫ್, ಮತ್ತೆ ಎದುರಾಳಿಯ 9. ಅವಳು ಎಳೆದಳು, ಟಿಕ್, ಬಾಣ ಹೋಯಿತು. 8. ಸೋತಳು. ಕೋಚ್ ತಮ್ಮ ಪುಸ್ತಕ ತೆಗೆದು ಒಂದೇ ಅಂಕೆ ಬರೆದುಕೊಂಡರು, ನನಗೂ ತೋರಿಸಿದರು: 11. ಬಾಣ ಹೋದಾಗ ಗಡಿಯಾರದಲ್ಲಿ ಉಳಿದಿದ್ದ ಸೆಕೆಂಡ್.

ಜಿಎಡಿ-7 ಹತ್ತು ವಾರಕ್ಕೆ 9, ಆರು ತಿಂಗಳಿಗೆ 6. ಕೈ ಮುರಿಯುವ ಆಸೆಯ ಬಗ್ಗೆ ಕೇಳಿದರೆ ಈಗ ಮುಜುಗರಪಡುತ್ತಾಳೆ. ನನಗೆ ಕುತೂಹಲದ್ದು ಸಿಎಸ್‌ಎಐ-2. ಎರಡನೇ ಸ್ಪರ್ಧೆಗೆ ಒಂದು ಗಂಟೆ ಮುಂಚೆ ಮೈಯ ಆತಂಕ 27, ಮೊದಲಿನ 31ಕ್ಕೆ ಅಷ್ಟೇನೂ ದೂರವಿಲ್ಲ. ಆತ್ಮವಿಶ್ವಾಸ ಮಾತ್ರ 14ರಿಂದ 23. ಎದೆ ಈಗಲೂ ಡವಗುಟ್ಟುತ್ತದೆ, ಅವಳು ಅದನ್ನು ಅಪಶಕುನವೆಂದು ಓದುವುದಿಲ್ಲ. ಮೊದಲ ನಾಲ್ಕು ವಾರ ನಾನು ಇಳಿಸಲು ಹೊರಟಿದ್ದದ್ದು ಆ 31ನ್ನು. ಅದು ಇಳಿಯದೆಯೂ ಕೈ ಮೇಲೆದ್ದಿತು.

ಇದರಲ್ಲಿ ಯಾವುದರ ಪಾಲು ಎಷ್ಟು ಎಂದು ಬಿಡಿಸಿ ಹೇಳಲಾರೆ. ನಿದ್ದೆ, ಏಣಿ, ಕೋಚ್ ನಿಂತ ಜಾಗ, ಬಿಟ್ಟ ಸ್ಪರ್ಧೆ ಎಲ್ಲವೂ ಒಂದರ ಮೇಲೊಂದು ಬಿದ್ದವು. ನನ್ನ ಅಂದಾಜಿನಲ್ಲಿ ನಿದ್ದೆ ಸರಿಹೋಗದೆ ಏಣಿ ನಿಲ್ಲುತ್ತಿರಲಿಲ್ಲ. ಇದೇ ಏಣಿಯನ್ನು ಆಮೇಲೆ ಇನ್ನೊಬ್ಬ ಬಿಲ್ಲುಗಾರನ ಜೊತೆ ಹಾಕಿದೆ, ಅಲ್ಲಿ ಅರ್ಧಕ್ಕೇ ನಿಂತಿತು. ಅವನ ಕೋಚ್ ದುರ್ಬೀನು ಇಳಿಸಲು ಒಪ್ಪಲಿಲ್ಲ. ಅದಕ್ಕೇ ನಿಂತಿತು ಎಂದು ಹೇಳಲು ನನಗೆ ಆಸೆ, ಪುರಾವೆ ಇಲ್ಲ. ನನ್ನ ಕೆಲಸದ ಕ್ರಮದಲ್ಲಂತೂ ಎರಡು ಬದಲಾವಣೆ ಆಗಿವೆ. ಯಾರು ಯಾವ ಚೀಟಿ ಹಿಡಿದು ಬಂದರೂ ಮೊದಲ ದಿನವೇ ನಿದ್ದೆ, ಊಟ, ಜೀವದ ಪ್ರಶ್ನೆ ಕೇಳುತ್ತೇನೆ, ಯಾವ ಮಾತ್ರೆ ಇದೆ ಎಂದೂ ಕೇಳುತ್ತೇನೆ. ಮೊದಲ ವಾರವೇ ಅಭ್ಯಾಸದ ಜಾಗಕ್ಕೆ ಹೋಗಿ ನಿಲ್ಲುತ್ತೇನೆ, ಆಟಗಾರನನ್ನು ನೋಡಲು ಅರ್ಧ, ಅವನ ಬೆನ್ನ ಹಿಂದೆ ಯಾರಿದ್ದಾರೆಂದು ನೋಡಲು ಅರ್ಧ.

ಅವಳು ತಂಡಕ್ಕೆ ಇನ್ನೂ ಆಯ್ಕೆಯಾಗಿಲ್ಲ. 650 ಮತ್ತೆ ಮುಟ್ಟಿಲ್ಲ.

ಒಂಬತ್ತು ತಿಂಗಳ ನಂತರ ಬೇರೇನೋ ಕೆಲಸಕ್ಕೆ ಫೋನ್ ಮಾಡಿದಾಗ ಮಾತಿನ ಮಧ್ಯೆ ಹೇಳಿದಳು, ಹಿಂದಿನ ವಾರ ಎರಡು ದಿನ ಕೈ ಮತ್ತೆ ಕೆಳಗೇ ನಿಂತಿತ್ತಂತೆ. ನನಗೆ ಯಾಕೆ ಹೇಳಲಿಲ್ಲ ಎಂದೆ.

"ಹಾಳೆ ಕಿತ್ತು ಐದು ಮೀಟರ್‌ಗೆ ಹೋದೆ ಸರ್. ಗುರುವಾರಕ್ಕೆ ಸರಿಹೋಯ್ತು. ನಿಮಗೆ ಹೇಳೋಣ ಅನ್ಕೊಂಡೆ, ಆಮೇಲೆ ಮರ್ತೇಹೋಯ್ತು."